ಕೂಸು ಹುಟ್ಟುವ ಮುನ್ನ ಕುಲಾವಿ

ಕೆಲವು ತಿಂಗಳ ಹಿಂದಿನ ಮಾತು. ಭಾನುವಾರದ ಎರಡನೇ ಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೆ, ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಮಗನನ್ನು ಕರೆದುಕೊಂಡು ಗುರುಮನೆಗೆ ಬಂದರು. ಮಗನಿಗೆ ಇಪ್ಪತ್ತೆರಡು ವರ್ಷ. ಡಿಪ್ಲೊಮಾ ಮುಗಿಸಿ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದಾನೆ.

"ಸ್ವಾಮಿ, ನೀವಾದರೂ ಇವನಿಗೆ ಒಂದು ಮಾತು ಹೇಳಿ. ಐವತ್ತು ಸಾವಿರ ಕೊಟ್ಟು ಆಟದ ಪೆಟ್ಟಿಗೆ ತರ್ತಾನಂತೆ. ತಂಗಿಯ ಕಾಲೇಜಿಗೆ ಜೂನ್‌ನಲ್ಲಿ ದುಡ್ಡು ಕಟ್ಟಬೇಕು. ಕೇಳಿದರೆ ನನ್ನ ಸಂಬಳ, ನನ್ನಿಷ್ಟ ಅಂತಾನೆ."

ಮಗ ಸುಮ್ಮನಿರಲಿಲ್ಲ. "ಫಾದರ್, ಸಂತ ಕಾರ್ಲೊ ಅಕುಟಿಸ್ ಕೂಡ ಪ್ಲೇಸ್ಟೇಷನ್ ಆಡ್ತಿದ್ರು."

"ವಾರಕ್ಕೆ ಒಂದೇ ಗಂಟೆ ಅಂತ ತಾವೇ ನಿಯಮ ಹಾಕಿಕೊಂಡಿದ್ರು. ಅದನ್ನೂ ಹೇಳು" ಎಂದರು ತಾಯಿ.

ಇಬ್ಬರ ಮಾತೂ ನಿಜ. 2006ರಲ್ಲಿ ಹದಿನೈದನೇ ವಯಸ್ಸಿನಲ್ಲಿ ತೀರಿಕೊಂಡು, 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಬಳಿ ಆಟದ ಯಂತ್ರವಿತ್ತು. ಅದಕ್ಕೆ ವಾರಕ್ಕೊಂದು ಗಂಟೆಯ ಮಿತಿಯೂ ಇತ್ತು. ಮಗ ತನಗೆ ಬೇಕಾದ ಅರ್ಧವನ್ನು ಹೇಳಿದ, ತಾಯಿ ಉಳಿದರ್ಧವನ್ನು ಹೇಳಿದರು. ಸುದ್ದಿಯನ್ನು ಹೀಗೆ ತಮಗೆ ಬೇಕಾದಷ್ಟೇ ಹೇಳುವ ಈ ಗುಣವೇ ಅಂದಿನ ನಮ್ಮ ಮಾತುಕತೆಯ ವಿಷಯವಾಗುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

ತಾಯಿ ಕನ್ಯಾಸ್ತ್ರೀಯರನ್ನು ಮಾತನಾಡಿಸಿ ಬರುತ್ತೇನೆಂದು ಹೊರಟರು. ನಾನು ಹುಡುಗನನ್ನು ಜಗಲಿಯಲ್ಲಿ ಕೂರಿಸಿಕೊಂಡು, "ಬುದ್ಧಿ ಹೇಳುವುದು ಆಮೇಲಿರಲಿ. ಈ ಪೆಟ್ಟಿಗೆಯ ಬಗ್ಗೆ ನಿನಗೇನು ಗೊತ್ತು, ಹೇಳಪ್ಪಾ" ಎಂದೆ. ಅವನು ಒಂದು ಗಂಟೆಗೂ ಹೆಚ್ಚು ಮಾತನಾಡಿದ. ಹೊಗಳುತ್ತಾನೆಂದು ನಾನು ಎಣಿಸಿದ್ದೆ. ಆದರೆ ಈ ವ್ಯಾಪಾರದ ಬಗ್ಗೆ, ಅದರ ಸುದ್ದಿಗಳ ಬಗ್ಗೆ ಅವನಿಗಿದ್ದ ಅಭಿಪ್ರಾಯ ನನ್ನದಕ್ಕಿಂತಲೂ ಖಾರವಾಗಿತ್ತು. ಅವನು ಹೇಳಿದ್ದನ್ನು ನಾನೂ ಓದಿ ನೋಡಿದೆ. ನಮ್ಮ ಕುಟುಂಬಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಪೆಟ್ಟಿಗೆಯ ವ್ಯಾಪಾರ

ನನ್ನ ವಯಸ್ಸಿನವರಿಗೆ ನೆನಪಿರಬಹುದು. ತೊಂಬತ್ತರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಅಗ್ಗದ ಪೆಟ್ಟಿಗೆಗಳು ನಮ್ಮ ಊರುಗಳಿಗೂ ಬಂದಿದ್ದವು. ಅದರೊಳಗೆ ಕ್ಯಾಸೆಟ್ ತುರುಕಿ ಮಾರಿಯೋ, ಕಾಂಟ್ರಾ ಮುಂತಾದ ಆಟಗಳನ್ನು ಆಡುತ್ತಿದ್ದೆವು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಯಂತ್ರದ ನಕಲುಗಳು ಅವು ಎಂಬುದು ನಮಗೆ ತಿಳಿದಿರಲಿಲ್ಲ. ಯಾವ ಆಟ ಚೆನ್ನಾಗಿದೆ ಎಂದು ತಿಳಿಯಲು ಪಕ್ಕದ ಮನೆಯ ಹುಡುಗನನ್ನು ಕೇಳಿದರೆ ಸಾಕಿತ್ತು. ಅವನಿಗೆ ನಮಗೇನೂ ಮಾರಬೇಕಾಗಿರಲಿಲ್ಲ.

ಇಂದು ಈ ಯಂತ್ರಗಳನ್ನು ಕನ್ಸೋಲ್ ಎನ್ನುತ್ತಾರೆ. ಮಾರುಕಟ್ಟೆಯಲ್ಲಿ ಮುಖ್ಯವಾಗಿ ಮೂರು ಕಂಪನಿಗಳಿವೆ. ಮೊದಲನೆಯದು ನಿಂಟೆಂಡೊ. ಅದು 1889ರಲ್ಲಿ ಕ್ಯೋಟೊ ನಗರದಲ್ಲಿ ಇಸ್ಪೀಟಿನಂಥ ಎಲೆಗಳನ್ನು ತಯಾರಿಸಲು ಹುಟ್ಟಿದ ಸಂಸ್ಥೆ. ಎರಡನೆಯದು ಸೋನಿ. 1994ರ ಡಿಸೆಂಬರ್‌ನಲ್ಲಿ ಅದು ಪ್ಲೇಸ್ಟೇಷನ್ ಹೊರತಂದಿತು. 2000ದಲ್ಲಿ ಬಂದ ಅದರ ಎರಡನೇ ಪ್ಲೇಸ್ಟೇಷನ್ 16 ಕೋಟಿಗೂ ಹೆಚ್ಚು ಮಾರಾಟವಾಯಿತು. ಮೂರನೆಯದು 2001ರಲ್ಲಿ ಎಕ್ಸ್‌ಬಾಕ್ಸ್‌ನೊಂದಿಗೆ ಕಣಕ್ಕಿಳಿದ ಅಮೆರಿಕದ ಮೈಕ್ರೋಸಾಫ್ಟ್.

"ಫಾದರ್, ಪೆಟ್ಟಿಗೆ ಮಾರೋದ್ರಲ್ಲಿ ಇವರಿಗೆ ದುಡ್ಡಿಲ್ಲ, ಆಟ ಮಾರೋದ್ರಲ್ಲಿ ಇದೆ" ಎಂದ ಹುಡುಗ. ಅವನ ಮಾತಿಗೆ ಆಧಾರವಿದೆ. ಎಕ್ಸ್‌ಬಾಕ್ಸ್ ಯಂತ್ರದ ಮಾರಾಟದಿಂದ ತಮಗೆ ಎಂದೂ ಲಾಭವಾಗಿಲ್ಲವೆಂದು ಮೈಕ್ರೋಸಾಫ್ಟ್‌ನ ಅಧಿಕಾರಿಯೊಬ್ಬರು 2021ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಯಂತ್ರ ಮನೆಗೆ ಬಂದ ಮೇಲೆ ಅದಕ್ಕಾಗಿ ಕೊಳ್ಳುವ ಪ್ರತಿ ಆಟದಲ್ಲೂ ಕಂಪನಿಗೆ ಪಾಲು ಸಲ್ಲುತ್ತದೆ. ನಮ್ಮ ಧರ್ಮಕೇಂದ್ರದ ಕಛೇರಿಯ ಪ್ರಿಂಟರ್‌ನದೂ ಇದೇ ಕಥೆ. ಪ್ರಿಂಟರ್ ಅಗ್ಗವಾಗಿ ಸಿಕ್ಕಿತು. ಅದರ ಶಾಯಿಗೆ ಇಂದಿಗೂ ಹಣ ಸುರಿಯುತ್ತಿದ್ದೇವೆ.

ಐದನೇ ಪ್ಲೇಸ್ಟೇಷನ್ 2021ರ ಫೆಬ್ರವರಿ 2ರಂದು ಭಾರತಕ್ಕೆ ಬಂದಾಗ ಅದರ ಬೆಲೆ 49,990 ರೂಪಾಯಿ. ಡಿಸ್ಕ್ ಹಾಕಲಾಗದ ಇನ್ನೊಂದು ಮಾದರಿಗೆ 39,990 ರೂಪಾಯಿ. ಕಡಿಮೆ ಬೆಲೆಯದೇ ವಾಸಿ ಎಂದು ತೋರುತ್ತದೆ. ಆದರೆ ಡಿಸ್ಕ್ ಇಲ್ಲದಿದ್ದರೆ ಗೆಳೆಯನಿಂದ ಆಟ ಎರವಲು ತರುವಂತಿಲ್ಲ, ಹಳೆಯದನ್ನು ಕೊಳ್ಳುವಂತಿಲ್ಲ, ಆಡಿ ಮುಗಿಸಿದ್ದನ್ನು ಮಾರುವಂತಿಲ್ಲ. ಎಲ್ಲವನ್ನೂ ಕಂಪನಿಯ ಅಂತರ್ಜಾಲದ ಅಂಗಡಿಯಲ್ಲೇ ಕೊಳ್ಳಬೇಕು. ದೊಡ್ಡ ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಎಂದಾದರೆ, ಉಳಿಸಿದ ಹತ್ತು ಸಾವಿರ ಎಷ್ಟು ದಿನ ಉಳಿದೀತೆಂದು ಹೆತ್ತವರೇ ಲೆಕ್ಕ ಹಾಕಬಹುದು.

ನಿನ್ನ ಕಂಪನಿ, ನನ್ನ ಕಂಪನಿ

ಈ ಮೂರು ಕಂಪನಿಗಳ ಹೆಸರಿನಲ್ಲಿ ಯುವಕರು ಪಂಗಡ ಕಟ್ಟಿಕೊಂಡು ಜಗಳವಾಡುತ್ತಾರೆ. ನಮ್ಮ ಹುಡುಗನೂ ಪ್ಲಸ್ ಟು ಓದುವಾಗ ಇಂಥದೊಂದು ಪಂಗಡದ ಕಟ್ಟಾಳು. ಬೇರೆ ಯಂತ್ರ ಕೊಂಡನೆಂಬ ಕಾರಣಕ್ಕೆ ಗೆಳೆಯನೊಬ್ಬನೊಡನೆ ಎರಡು ತಿಂಗಳು ಮಾತು ಬಿಟ್ಟಿದ್ದನಂತೆ.

ಈ ಜಗಳಕ್ಕೆ ಬೀಜ ಬಿದ್ದದ್ದು ಜಾಹೀರಾತಿನಲ್ಲಿ. ತೊಂಬತ್ತರ ದಶಕದ ಆರಂಭದಲ್ಲಿ ಸೆಗಾ ಎಂಬ ಜಪಾನಿ ಕಂಪನಿ ಅಮೆರಿಕದ ಟಿ.ವಿ.ಯಲ್ಲಿ ನಿಂಟೆಂಡೊವನ್ನು ಹೆಸರು ಹಿಡಿದು ಹಂಗಿಸುವ ಜಾಹೀರಾತುಗಳನ್ನು ತೋರಿಸಿತು. ಸೆಗಾದ ಸೋನಿಕ್ ಬೇಕೋ, ನಿಂಟೆಂಡೊದ ಮಾರಿಯೋ ಬೇಕೋ ಎಂದು ಮಕ್ಕಳು ಶಾಲೆಯ ಅಂಗಳದಲ್ಲಿ ಹೊಡೆದಾಡಿದರು. ಆಮೇಲೇನಾಯಿತು? ನಷ್ಟದಲ್ಲಿದ್ದ ಸೆಗಾ 2001ರಲ್ಲಿ ಯಂತ್ರ ತಯಾರಿಸುವುದನ್ನೇ ನಿಲ್ಲಿಸಿತು. ಅದೇ ವರ್ಷಾಂತ್ಯಕ್ಕೆ ಸೋನಿಕ್ ಆಟ ನಿಂಟೆಂಡೊ ಯಂತ್ರದಲ್ಲೇ ಬಂತು. 2007ರಲ್ಲಿ ಒಲಿಂಪಿಕ್ಸ್ ಕುರಿತ ಒಂದು ಆಟದಲ್ಲಿ ಮಾರಿಯೋ ಮತ್ತು ಸೋನಿಕ್ ಒಟ್ಟಿಗೆ ಓಡಿದರು. ಇತ್ತೀಚೆಗೂ ಹಾಗೆಯೇ ಆಯಿತು. ಎಕ್ಸ್‌ಬಾಕ್ಸ್‌ಗೆ ಮೀಸಲಾಗಿದ್ದ ಹಲವು ಆಟಗಳನ್ನು ಮೈಕ್ರೋಸಾಫ್ಟ್ 2024ರಿಂದ ಸೋನಿಯ ಯಂತ್ರಕ್ಕೂ ತಂದು ಮಾರತೊಡಗಿತು.

"ಅವರು ಒಂದಾದರು. ನಾವು ಗೆಳೆಯರು ಮಾತ್ರ ಮುಖ ತಿರುಗಿಸಿಕೊಂಡಿದ್ವಿ" ಎಂದು ಹುಡುಗ ನಕ್ಕ. ಕಂಪನಿಗೆ ನಮ್ಮ ಮೇಲೆ ಇಲ್ಲದ ನಿಷ್ಠೆಯನ್ನು ನಾವು ಕಂಪನಿಯ ಮೇಲಿಟ್ಟು ನೆರೆಯವನನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಸುದ್ದಿ ಹೇಳುವವರು ಯಾರು?

ಪಂಗಡದ ಬೆಂಕಿಗೆ ತುಪ್ಪ ಸುರಿಯುವುದು ಸುದ್ದಿ. ಆಟಗಳ ಸುದ್ದಿ ಎರಡು ಬಗೆ. ಮೊದಲನೆಯದು ವಸ್ತು ಮಾರಾಟಕ್ಕೆ ಬರುವ ಮುನ್ನ ಬರುವುದು: ತುಣುಕು ಚಿತ್ರ, ಮುನ್ನೋಟ, ಮಾತುಕತೆ. ಎರಡನೆಯದು ಬಂದ ಮೇಲಿನ ವಿಮರ್ಶೆ. ಮೊದಲನೆಯದರಲ್ಲಿ ಬಹುಪಾಲು ಮಾತು ಮಾರುವವನದೇ, ಬೇರೆಯವರ ಬಾಯಲ್ಲಿ ಬರುತ್ತದೆ ಅಷ್ಟೆ. 1988ರಿಂದ 2012ರವರೆಗೆ ಅಮೆರಿಕದ ಮಕ್ಕಳು ಮುಗಿಬಿದ್ದು ಓದಿದ 'ನಿಂಟೆಂಡೊ ಪವರ್' ಪತ್ರಿಕೆಯನ್ನು ಬಹುಕಾಲ ಹೊರತಂದದ್ದು ಸ್ವತಃ ನಿಂಟೆಂಡೊ.

2005ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನ ದೊಡ್ಡ ಪ್ರದರ್ಶನದಲ್ಲಿ ಸೋನಿ ಮೂರನೇ ಪ್ಲೇಸ್ಟೇಷನ್‌ಗಾಗಿ 'ಕಿಲ್‌ಝೋನ್' ಆಟದ ಒಂದು ತುಣುಕನ್ನು ತೋರಿಸಿತು. ನೋಡಿದವರು ದಂಗಾದರು. ಆಡುವಾಗ ಹೀಗೆಯೇ ಕಾಣುತ್ತದೆಂದು ನಂಬಿದರು. ನಿಜವಾಗಿ ಅದು ಯಂತ್ರದಲ್ಲಿ ನಡೆದ ಆಟವಾಗಿರಲಿಲ್ಲ; ಸಿನಿಮಾದಂತೆ ಮೊದಲೇ ಚಿತ್ರಿಸಿಟ್ಟಿದ್ದ ದೃಶ್ಯ. ಆಟ ಅಂಗಡಿಗೆ ಬಂದದ್ದು 2009ರಲ್ಲಿ.

ವಿಮರ್ಶೆಯ ಮೇಲೂ ಜಾಹೀರಾತಿನ ನೆರಳು ಬೀಳಬಹುದು. 2007ರ ನವೆಂಬರ್‌ನಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ಹಿರಿಯ ವಿಮರ್ಶಕರು 'ಗೇಮ್‌ಸ್ಪಾಟ್' ಜಾಲತಾಣದಲ್ಲಿ 'ಕೇನ್ ಅಂಡ್ ಲಿಂಚ್' ಎಂಬ ಆಟಕ್ಕೆ ಹತ್ತಕ್ಕೆ ಆರು ಅಂಕ ಕೊಟ್ಟರು. ಆಗ ಅದೇ ತಾಣದ ತುಂಬ ಅದೇ ಆಟದ ಜಾಹೀರಾತು ಇತ್ತು. ಕೆಲವೇ ದಿನಗಳಲ್ಲಿ ಅವರ ಕೆಲಸ ಹೋಯಿತು. ಜಾಹೀರಾತುದಾರರ ಒತ್ತಡ ಕಾರಣವಲ್ಲವೆಂದು ಸಂಸ್ಥೆ ಹೇಳಿತು. 2012ರಲ್ಲಿ ಗರ್ಸ್ಟ್‌ಮನ್ ತಾವೇ ಬಾಯಿಬಿಟ್ಟು, ಜಾಹೀರಾತು ನಿಲ್ಲಿಸುವ ಬೆದರಿಕೆಗೆ ಆಡಳಿತ ಮಣಿಯಿತೆಂದು ತಿಳಿಸಿದರು.

ಈಗಿನ ಯುವಕರು ಬರಹಕ್ಕಿಂತ ವಿಡಿಯೋ ಮಾಡುವವರನ್ನು ಹೆಚ್ಚು ನಂಬುತ್ತಾರೆ. ಅಲ್ಲಿಯೂ ಎಚ್ಚರ ಬೇಕು. 2013ರ ಕೊನೆಯಲ್ಲಿ ಎಕ್ಸ್‌ಬಾಕ್ಸ್ ಒನ್ ಯಂತ್ರ ಬಂದಾಗ, ಅದನ್ನು ಮೆಚ್ಚಿ ಮಾತನಾಡಲು 'ಮಶಿನಿಮಾ' ಎಂಬ ಸಂಸ್ಥೆ ಯೂಟ್ಯೂಬ್‌ನ ಕೆಲವರಿಗೆ ಹಣ ಕೊಟ್ಟಿತು. ಒಬ್ಬನಿಗೆ 15,000 ಡಾಲರ್, ಇನ್ನೊಬ್ಬನಿಗೆ 30,000 ಡಾಲರ್. ನೋಡುವವರಿಗೆ ಈ ವಿಷಯ ತಿಳಿಸಿರಲಿಲ್ಲ. 2015ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಈ ಸಂಗತಿಯನ್ನು ಬಯಲಿಗೆ ತಂದು, ಮುಂದೆ ಹೀಗಾಗದಂತೆ ಸಂಸ್ಥೆಯನ್ನು ಒಪ್ಪಂದಕ್ಕೆ ಒಳಪಡಿಸಿತು.

ಹಾಗಾದರೆ ಹಣ ಪಡೆಯದ, ಪ್ರಾಮಾಣಿಕ ವಿಮರ್ಶಕರ ಮಾತು ಸಾಕೇ? ಅದೂ ಸಾಲದೆಂದು 2020ರ ಡಿಸೆಂಬರ್ ಕಲಿಸಿತು. ಪೋಲೆಂಡಿನ ಸಿ.ಡಿ. ಪ್ರೊಜೆಕ್ಟ್ ಕಂಪನಿಯ 'ಸೈಬರ್‌ಪಂಕ್ 2077' ಆಟಕ್ಕಾಗಿ ಜಗತ್ತೇ ವರ್ಷಗಟ್ಟಲೆ ಕಾದಿತ್ತು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ತಾವು ಆಡಿದ ದೃಶ್ಯವನ್ನು ತೋರಿಸುವ ಅನುಮತಿಯೂ ಅವರಿಗಿರಲಿಲ್ಲ. ಕಂಪನಿ ಕೊಟ್ಟ ದೃಶ್ಯಗಳನ್ನೇ ಬಳಸಬೇಕಿತ್ತು. ಅಂಕಗಳು ಧಾರಾಳವಾಗಿ ಬಂದವು. ಡಿಸೆಂಬರ್ 10ರಂದು ಹಳೆಯ ಕನ್ಸೋಲ್ ಇಟ್ಟುಕೊಂಡವರು ಮನೆಯಲ್ಲಿ ಆಟ ಹಚ್ಚಿದಾಗ ಅದು ಕುಂಟಿತು, ಪದೇ ಪದೇ ನಿಂತೇ ಹೋಯಿತು. ಹಳೆಯ ಯಂತ್ರಗಳಲ್ಲಿ ಆಟ ಹೇಗಿದೆಯೆಂದು ಮೊದಲೇ ತೋರಿಸದಿದ್ದುದಕ್ಕೆ ಕಂಪನಿ ಕ್ಷಮೆ ಕೇಳಿತು. ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಅಂತರ್ಜಾಲದ ಅಂಗಡಿಯಿಂದಲೇ ತೆಗೆದುಹಾಕಿತು. ಅದು ಮರಳಿದ್ದು 2021ರ ಜೂನ್‌ನಲ್ಲಿ. ಮುಂದೆ ತಿದ್ದಿ ತೀಡಿ ಆಟ ಒಳ್ಳೆಯ ಹೆಸರು ಗಳಿಸಿತು ಎಂಬುದನ್ನೂ ಹೇಳಬೇಕು. ಆದರೆ ಮೊದಲ ದಿನ ಹಣ ಕೊಟ್ಟವರು ಕಂಡದ್ದು ತಾವು ಓದಿದ ಆಟವನ್ನಲ್ಲ. ವಿಮರ್ಶಕರು ಸುಳ್ಳು ಬರೆದಿರಲಿಲ್ಲ. ಅವರು ಬರೆದದ್ದು ಬೇರೆ ಯಂತ್ರದ ಸತ್ಯ.

ಸತ್ಯ ಬರೆದವರಿಗೂ ಬೆಲೆ ತೆರಬೇಕಾಗುತ್ತದೆ

ಎಲ್ಲ ಪತ್ರಕರ್ತರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಗುಟ್ಟಾಗಿದ್ದ ಸಂಗತಿಗಳನ್ನು ಪ್ರಕಟಿಸಿದ್ದಕ್ಕಾಗಿ ಎರಡು ದೊಡ್ಡ ಕಂಪನಿಗಳು ತಮ್ಮೊಡನೆ ಮಾತುಕತೆಯನ್ನೇ ನಿಲ್ಲಿಸಿವೆಯೆಂದು 'ಕೊಟಾಕು' ತಾಣ 2015ರ ನವೆಂಬರ್‌ನಲ್ಲಿ ಓದುಗರಿಗೆ ತಿಳಿಸಿತು. ಆಟ ತಯಾರಿಸುವ ಕಾರ್ಮಿಕರನ್ನು ವಾರವಿಡೀ ಹಗಲಿರುಳು ದುಡಿಸುವ ಪದ್ಧತಿಯನ್ನು ಹೊರಜಗತ್ತಿಗೆ ತಿಳಿಸಿದವರೂ ಇಂಥ ಪತ್ರಕರ್ತರೇ. ಪಾಳಿಯಲ್ಲಿ ದುಡಿಯುವ ನಮ್ಮ ಹುಡುಗನಿಗೆ ಈ ಸುದ್ದಿಗಳು ಯಾವ ತುಣುಕು ಚಿತ್ರಕ್ಕಿಂತಲೂ ಹೆಚ್ಚು ಮನಸ್ಸಿಗೆ ನಾಟಿವೆ.

ಜನ ದನಿ ಎತ್ತಿದರೆ ಕಂಪನಿ ಮಣಿಯುತ್ತದೆ ಎಂಬುದಕ್ಕೂ ಸಾಕ್ಷಿಗಳಿವೆ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಯಂತ್ರಗಳು ಕೆಂಪು ದೀಪ ಹೊತ್ತಿಸಿ ಸತ್ತುಹೋಗುತ್ತಿದ್ದವು. ದೂರುಗಳು ರಾಶಿ ಬಿದ್ದ ಮೇಲೆ 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ಮೂರು ವರ್ಷದ ವಾರಂಟಿ ಘೋಷಿಸಿ, ಅದಕ್ಕಾಗಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿರಿಸಿತು. 2013ರಲ್ಲಿ ಅದೇ ಕಂಪನಿ ತನ್ನ ಹೊಸ ಯಂತ್ರ ದಿನಕ್ಕೊಮ್ಮೆ ಅಂತರ್ಜಾಲಕ್ಕೆ ಸೇರಲೇಬೇಕು, ಹಳೆಯ ಆಟಗಳನ್ನು ಕೈ ಬದಲಾಯಿಸಲು ನಿರ್ಬಂಧವಿರುತ್ತದೆ ಎಂದಿತು. ಮೇ 21ರಂದು ಯಂತ್ರದ ಘೋಷಣೆಯಾಯಿತು. ಜನರು ರೊಚ್ಚಿಗೆದ್ದರು. ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆಂದು ತೋರಿಸಲು, ಡಿಸ್ಕನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವ ಪುಟ್ಟ ವಿಡಿಯೋ ಬಿಟ್ಟು ಸೋನಿ ಅಣಕಿಸಿತು. ಜೂನ್ 19ರಂದು ಮೈಕ್ರೋಸಾಫ್ಟ್ ಆ ನಿಯಮಗಳನ್ನು ಕೈಬಿಟ್ಟಿತು. ಕೊಳ್ಳುವವರು ಇನ್ನೂ ಹಣ ಕೊಡದೆ ಕಾದಿದ್ದರಿಂದಲೇ ಅವರ ಮಾತಿಗೆ ಅಷ್ಟು ಬಲ ಬಂತು.

ಹುಡುಗ ಹೇಳದೆ ಇಟ್ಟುಕೊಂಡಿದ್ದ ಮಾತು

ಇಷ್ಟೆಲ್ಲ ತಿಳಿದವನು ಹೊಸ ಯಂತ್ರಕ್ಕೆ ಏಕೆ ಆತುರಪಡುತ್ತೀಯೆಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಪ್ಲಸ್ ಟು ದಿನಗಳ ಒಂದು ಸಂಗತಿ ಹೇಳಿದ. ಆಗ ಅವನ ಬಳಿ ಮಾವ ಕೊಡಿಸಿದ ಹಳೆಯ ಕನ್ಸೋಲ್ ಇತ್ತು. ತಾನು ದಿನವೂ ನೋಡುತ್ತಿದ್ದ ಒಬ್ಬ ವಿಡಿಯೋಗಾರನ ಹೊಗಳಿಕೆ ಕೇಳಿ, ಇನ್ನೂ ಬಿಡುಗಡೆಯಾಗದ ಆಟವೊಂದಕ್ಕೆ ಮುಂಗಡ ಹಣ ಕಟ್ಟಿದ. ಆಟ ಬಂದಾಗ ವಿಡಿಯೋದಲ್ಲಿ ಕಂಡದ್ದರಲ್ಲಿ ಅರ್ಧವೂ ಅದರಲ್ಲಿರಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಆಟ ಅರ್ಧ ಬೆಲೆಗೆ ಮಾರಾಟಕ್ಕಿತ್ತು.

"ಅದು ಗಣಿತದ ಟ್ಯೂಷನ್‌ಗೆ ಅಪ್ಪ ಕೊಟ್ಟಿದ್ದ ದುಡ್ಡು, ಫಾದರ್. ಆ ತಿಂಗಳು ನಾನು ಟ್ಯೂಷನ್‌ಗೆ ಹೋಗಲೇ ಇಲ್ಲ. ಅಪ್ಪನಿಗೆ ಇವತ್ತಿಗೂ ಗೊತ್ತಿಲ್ಲ."

ಐವತ್ತು ಸಾವಿರದ ಪೆಟ್ಟಿಗೆಯ ಮಾತು ಅಲ್ಲಿಗೆ ಬದಿಗೆ ಸರಿಯಿತು. ತನ್ನ ದುಡಿಮೆಯ ಹಣದಲ್ಲಿ, ಯಾರಿಂದಲೂ ಮುಚ್ಚಿಡದೆ, ಒಮ್ಮೆ ಸರಿಯಾಗಿ ಕೊಂಡು ತೋರಿಸಬೇಕೆಂಬ ಹಠ ಅವನದಾಗಿತ್ತು. ಮನೆಯವರಿಗೆ ಅದು ಬರಿಯ ದುಂದುಗಾರಿಕೆಯಾಗಿ ಕಂಡಿತ್ತು.

ನಾನು ಹೇಳಿದ್ದು ಒಂದೇ ಮಾತು: "ಮೊದಲು ಅಪ್ಪನಿಗೆ ಹೇಳು. ಪೆಟ್ಟಿಗೆಯ ಲೆಕ್ಕ ಆಮೇಲೆ."

ಕೊಳ್ಳುವ ಮುನ್ನ

ಹುಡುಗ ತನಗೆ ತಾನೇ ಮೂರು ನಿಯಮ ಮಾಡಿಕೊಂಡಿದ್ದಾನೆ. ಬಿಡುಗಡೆಯಾಗದ ಯಾವುದಕ್ಕೂ ಮುಂಗಡ ಹಣ ಕಟ್ಟುವುದಿಲ್ಲ. ಹೊಗಳುವವನಾಗಲಿ ತೆಗಳುವವನಾಗಲಿ, ಅವನಿಗೆ ಹಣ ಎಲ್ಲಿಂದ ಬರುತ್ತದೆಂದು ನೋಡದೆ ನಂಬುವುದಿಲ್ಲ. ತನ್ನ ಮನೆಯಲ್ಲಿರುವಂಥ ಯಂತ್ರದಲ್ಲೇ ಆಡಿದ ಸಾಮಾನ್ಯ ಜನರ ಅಭಿಪ್ರಾಯವನ್ನು ಒಂದು ತಿಂಗಳ ನಂತರ ಕೇಳಿ ತೀರ್ಮಾನಿಸುತ್ತಾನೆ. ನಮ್ಮ ಹಿರಿಯರು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬೇಡ ಎಂದದ್ದು ಇದನ್ನೇ ಅಲ್ಲವೇ?

ಹೆತ್ತವರಿಗೆ ನಾನು ಸೇರಿಸುವುದು ಇಷ್ಟು. ಯಂತ್ರದ ಬೆಲೆಯನ್ನು ಮಾತ್ರ ನೋಡಬೇಡಿ. ವರ್ಷಕ್ಕೆ ಎಷ್ಟು ಆಟ, ಅಂತರ್ಜಾಲದಲ್ಲಿ ಇತರರೊಡನೆ ಆಡಲು ಎಷ್ಟು ಚಂದಾ ಎಂಬುದನ್ನು ಮಕ್ಕಳೊಡನೆ ಕುಳಿತು ಕಾಗದದ ಮೇಲೆ ಬರೆಯಿರಿ. ಹಲವು ಆಟಗಳ ಪೆಟ್ಟಿಗೆಯ ಮೇಲೆ 3, 7, 12, 16, 18 ಎಂಬ ಅಂಕಿಗಳಲ್ಲಿ ಒಂದಿರುತ್ತದೆ. ಅದು ಆಟದ ಕಷ್ಟವನ್ನಲ್ಲ, ಎಷ್ಟು ವಯಸ್ಸಿನವರಿಗೆ ತಕ್ಕದ್ದೆಂಬುದನ್ನು ಹೇಳುತ್ತದೆ. ಎಲ್ಲಕ್ಕಿಂತ ಮೊದಲು, ಬೈಯುವ ಮುನ್ನ ಒಂದು ಗಂಟೆ ಅವರ ಮಾತು ಕೇಳಿ. ನಾವು ಎಣಿಸಿದ್ದಕ್ಕಿಂತ ಹೆಚ್ಚು ಅವರಿಗೆ ತಿಳಿದಿರಬಹುದು. ನಮಗೆ ತಿಳಿಯದ ನೋವೂ ಅವರೊಳಗಿರಬಹುದು.

ಮೂರು ವಾರದ ಬಳಿಕ ಹುಡುಗನ ತಂದೆ ಚರ್ಚಿನ ಅಂಗಳದಲ್ಲಿ ಸಿಕ್ಕರು. "ಮಗ ಹೇಳಿದ, ಸ್ವಾಮಿ. ಆ ವರ್ಷ ಗಣಿತದಲ್ಲಿ ಯಾಕೆ ಅಷ್ಟು ಕಡಿಮೆ ಬಂತು ಅಂತ ನನಗೆ ಆವಾಗ್ಲೇ ಅನುಮಾನ ಇತ್ತು" ಎಂದು ನಕ್ಕರು. ಕಣ್ಣಲ್ಲಿ ನೀರೂ ಇತ್ತು. ಇದನ್ನು ಬರೆಯಲು ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ.

ಜೂನ್‌ನಲ್ಲಿ ತಂಗಿಯ ಕಾಲೇಜಿನ ಹಣದಲ್ಲಿ ಅರ್ಧವನ್ನು ಅಣ್ಣನೇ ಕಟ್ಟಿದ. ಆಟದ ಪೆಟ್ಟಿಗೆ ಇನ್ನೂ ಮನೆಗೆ ಬಂದಿಲ್ಲ. ಮುಂದಿನ ವರ್ಷ ಡಿಸ್ಕ್ ಹಾಕುವಂಥದ್ದನ್ನೇ ಕೊಳ್ಳುತ್ತಾನಂತೆ. ಎರಡು ತಿಂಗಳು ಮಾತು ಬಿಟ್ಟಿದ್ದ ಆ ಗೆಳೆಯನೊಡನೆ ಆಟಗಳನ್ನು ಬದಲಾಯಿಸಿಕೊಂಡು ಆಡಬೇಕಂತೆ.